ಹಾಸು ದಾಟದ ಹವಾಲ್ದಾರ

ಹೊಸದಾಗಿ ಮಾಸ್ತರಿಕೆಗೆ ಸೇರಿದವರು ನನ್ನ ಮನೆಗೆ ಬಂದರೆ ಎರಡೇ ಪ್ರಶ್ನೆ ಕೇಳುತ್ತಾರೆ. ಹುಡುಗರನ್ನು ಹೊಡೆಯದೆ ಅಂಕೆಯಲ್ಲಿ ಇಡುವುದು ಹೇಗೆ, ಮತ್ತು ಗ್ಯಾದರಿಂಗಿನ ನಾಟಕವನ್ನು ಬೇರೆ ಮಾಸ್ತರರ ಕೊರಳಿಗೆ ಕಟ್ಟುವುದು ಹೇಗೆ. ಮೊದಲನೆಯದಕ್ಕೆ ನನ್ನ ಹತ್ತಿರ ಇಂದಿಗೂ ಉತ್ತರವಿಲ್ಲ. ಎರಡನೆಯದಕ್ಕೆ ಇದೆ. ಯಾರ ಕೊರಳಿಗೂ ಕಟ್ಟಬೇಡಿರಿ, ನೀವೇ ಇಟ್ಟುಕೊಳ್ಳಿರಿ. ವರ್ಷವಿಡೀ ಪಾಠ ಹೇಳಿ ಹುಡುಗರ ಬಗ್ಗೆ ನಾನು ತಿಳಿದುಕೊಂಡದ್ದಕ್ಕಿಂತ ಹೆಚ್ಚನ್ನು ಶಾಲೆಯ ವಾರ್ಷಿಕ ಸಮಾರಂಭದ ಒಂದು ನಾಟಕ ಕಲಿಸಿಕೊಟ್ಟಿದೆ.

ನಾನು ಬೀಳಗಿಯವನು. ಒಕ್ಕಲುತನದ ಮನೆ. ಬನಹಟ್ಟಿಯ ಶಾಲೆಗೆ ಬಂದಾಗ ಮಗ್ಗವೆಂದರೆ ಸದ್ದು ಮಾಡುವ ಒಂದು ಕಟ್ಟಿಗೆಯ ಸಾಮಾನು ಎಂಬಷ್ಟೇ ನನ್ನ ಜ್ಞಾನ. ಊರಲ್ಲಿ ನನಗೆ ಹೆಸರೇ ಇರಲಿಲ್ಲ, ಎಲ್ಲರಿಗೂ ನಾನು 'ಬೀಳಗಿ ಮಾಸ್ತರ'. ಬನಹಟ್ಟಿಯಲ್ಲಿ ಸೀನಿದರೆ ರಬಕವಿಯಲ್ಲಿ 'ಚಿರಂಜೀವಿ' ಎನ್ನುವಷ್ಟು ಹತ್ತಿರ ಎರಡೂ ಊರು, ಆದರೆ ಆಗ ಅವು ಬೇರೆ ಬೇರೆ ಸಂಸ್ಥಾನಕ್ಕೆ ಸೇರಿದ್ದವು. ಇಲ್ಲಿ ಘೋಷಣೆ ಕೂಗಿದವನು ಸ್ವಲ್ಪ ಜೋರಾಗಿ ಓಡಿದರೆ ಇನ್ನೊಬ್ಬ ರಾಜನ ಪ್ರಜೆ ಆಗಿಬಿಡುತ್ತಿದ್ದ. ಹಿಂದೆ ಓಡಿದ ಪೊಲೀಸ ಗಡಿಯಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ನಮ್ಮ ಹುಡುಗರ ಓಟದಾಟವೂ ಇದೇ ಆಗಿತ್ತು.

ಮೊದಲ ಕೆಲವು ವರ್ಷ ನಾನೂ ಎಲ್ಲರಂತೆ ಪೌರಾಣಿಕ ನಾಟಕ ಆಡಿಸಿದೆ. ಮಾತು ಬರೆದುಕೊಡುವುದು, ಹುಡುಗರು ಉರು ಹೊಡೆಯುವುದು. ಒಬ್ಬ ಹುಡುಗ ರಾಣಿಯಾಗಿ 'ಅಯ್ಯೋ ಪ್ರಾಣನಾಥಾ, ಸೆರಗಿನಿಂದ ಕಣ್ಣೀರು ಒರೆಸಿಕೊಳ್ಳುತ್ತ' ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ಮತ್ತೊಂದು ವರ್ಷ ಹೆಡ್‌ಮಾಸ್ತರರಿಗೆ ಕಾಡಿನ ದೃಶ್ಯದಲ್ಲಿ ನಿಜವಾದ ಪ್ರಾಣಿಯೇ ಬೇಕೆನಿಸಿತು. ಮುಧೋಳದಿಂದ ಒಬ್ಬ ಹುಡುಗನ ಸೋದರಮಾವ ತನ್ನ ಬೇಟೆನಾಯಿ ತಂದ. ಅದಕ್ಕೆ ಅರಿಸಿನ ಬಳಿದು, ನಾರಿನ ಕೇಸರ ಕಟ್ಟಿ, ಸಿಂಹವೆಂದು ನಿಲ್ಲಿಸಿದೆವು. ಮುಧೋಳದ ನಾಯಿಯ ಹೊಟ್ಟೆ ಬೆನ್ನಿಗೆ ಹತ್ತಿರುವುದು ನಿಮಗೆ ಗೊತ್ತೇ ಇದೆ. "ಸಿಂಹ ಏಕಾದಶಿ ಮಾಡೈತಿ" ಎಂದು ಯಾರೋ ಹಿಂದಿನಿಂದ ಕೂಗಿದರು. ಅಷ್ಟರಲ್ಲಿ ಜಿಂಕೆಯ ಪಾತ್ರದ ಹುಡುಗ ಜಿಗಿಯುತ್ತ ಬಂದ. ನಾಯಿಗೆ ತನ್ನ ಕುಲಧರ್ಮ ನೆನಪಾಯಿತು. ಜಿಂಕೆ ತೇರದಾಳದ ರಸ್ತೆ ಹಿಡಿದು ಓಡಿ ಒಂದು ಮರ ಏರಿತು, ಮತ್ತು ತನ್ನ ಉಳಿದ ಮಾತನ್ನೆಲ್ಲ ಅಲ್ಲಿಂದಲೇ ತಪ್ಪಿಲ್ಲದೆ ಒಪ್ಪಿಸಿತು. ಪ್ರಾಣ ಹೋದರೂ ಪಾಠ ಬಿಡದ ಹುಡುಗರನ್ನು ನಾವು ತಯಾರು ಮಾಡಿದ್ದೆವು. ಆ ದಿನ ನನಗೆ ನಗು ಬಂತು, ಜೊತೆಗೆ ಸ್ವಲ್ಪ ನಾಚಿಕೆಯೂ ಆಯಿತು.

ಈಗ ಹೇಳಬೇಕಾದದ್ದು ಹಾಸಿನ ನಾಟಕದ ಸಂಗತಿ.

ಮಹಾಯುದ್ಧದ ಕಾಲ. ನೂಲು ಸಿಗುತ್ತಿರಲಿಲ್ಲ. ಸಿಕ್ಕದ್ದು ಅಳತೆಯ ಮೇಲೆ, ಸರತಿಯಲ್ಲಿ ನಿಂತವರಿಗೆ. ಒಂದು ದಿನ ನೂಲಿನ ಅಂಗಡಿಯ ಬಾಗಿಲು ತೆರೆಯಲೇ ಇಲ್ಲ. ಮಾಲು ಬೇರೆ ಕಡೆ ಹೋಯಿತಂತೆ ಎಂಬ ಸುದ್ದಿ ಹಬ್ಬಿತು. ನೇಕಾರರೆಲ್ಲ ಕೂಗುತ್ತ ಚಾವಡಿಗೆ ಹೋದರು, ನಾಲ್ಕು ಕಲ್ಲು ಬಿದ್ದವು, ಪೊಲೀಸರು ಕೋಲು ಹಿಡಿದು ಬೆನ್ನು ಹತ್ತಿದರು. ಓಡುವವರು ಓಡಿದರು. ಹವಾಲ್ದಾರ ಸಿದ್ರಾಮಪ್ಪನವರು ಓಡುವವರ ಹಿಂದೆ ನಮ್ಮ ಓಣಿಗೆ ನುಗ್ಗಿದರು, ನುಗ್ಗಿದವರು ನೇಕಾರ ಮಲ್ಲೇಶಪ್ಪನ ಹಾಸಿನೊಳಗೆ ಬಿದ್ದರು.

ಹಾಸು ಎಂದರೆ ಬಟ್ಟೆಯ ಉದ್ದದ ಎಳೆಗಳು. ಮಗ್ಗಕ್ಕೆ ಏರಿಸುವ ಮೊದಲು ಅವನ್ನು ಬೀದಿಯ ಉದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸುತ್ತಾರೆ. ಆ ಹೊತ್ತಿನಲ್ಲಿ ಬೀದಿ ಹಾಸಿನದು. ಅದನ್ನು ಯಾರೂ ದಾಟುವುದಿಲ್ಲ, ನುಸುಳುವುದಿಲ್ಲ. ಮದುವೆಯ ದಿಬ್ಬಣ ಬಂದರೆ ಸುತ್ತು ಹಾಕಿ ಹೋಗುತ್ತಿತ್ತು. ಹೆಣ ಹೊತ್ತವರೂ ಸುತ್ತು ಹಾಕುತ್ತಿದ್ದರು. ಅಂಥ ಹಾಸಿನಲ್ಲಿ ಸಿದ್ರಾಮಪ್ಪನವರು ಬೂಟುಗಾಲು ಸಿಕ್ಕಿಸಿಕೊಂಡು ಬಿದ್ದರು, ಎದ್ದರು, ಮತ್ತೆ ಬಿದ್ದರು, ಕಡೆಗೆ ಸಿಟ್ಟಿನಿಂದ ಎಳೆಗಳನ್ನು ಕಿತ್ತುಕೊಂಡು ಹೊರಬಂದರು. ಅದೇ ಓಣಿಯಲ್ಲಿ ಮಲ್ಲೇಶಪ್ಪನ ಮನೆಯ ಒಂದು ಖೋಲಿಯಲ್ಲಿ ನಾನು ಬಾಡಿಗೆಗೆ ಇದ್ದೆ. ಮಲ್ಲೇಶಪ್ಪ ಹರಿದ ಎಳೆಗಳನ್ನು ಕೈಯಲ್ಲಿ ಹಿಡಿದು ನಿಂತದ್ದನ್ನು ಕಣ್ಣಾರೆ ಕಂಡೆ. ನೂಲೇ ಸಿಗದ ಕಾಲದಲ್ಲಿ ಹರಿದ ಹಾಸು.

ಹವಾಲ್ದಾರರು ಯಾರದಾದರೂ ತಲೆ ಒಡೆದಿದ್ದರೆ ಊರು ಎಂಟು ದಿನ ಬೈದು ಮರೆಯುತ್ತಿತ್ತು. ಹಾಸು ಹರಿದದ್ದನ್ನು ಮರೆಯಲಿಲ್ಲ. ಜಗಳವೇನೂ ಆಗಲಿಲ್ಲ. ಹವಾಲ್ದಾರರ ಮನೆಯವರೊಡನೆ ಮಾತು ನಿಂತಿತು, ಅಷ್ಟೇ. ಅವರ ಹೆಂಡತಿ ಬಾವಿಗೆ ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೊರಟರು. ಶಾಲೆಯಲ್ಲಿ ಅವರ ಮಗ ಗುರುಪಾದ ಕುಳಿತರೆ ಪಕ್ಕದವರು ಸರಿದು ಕುಳಿತರು. ಗುರುಪಾದ ನಮ್ಮ ಶಾಲೆಯ ಅತಿ ದೊಡ್ಡ ಬಾಯಿಯ ಹುಡುಗ. ಅವನು ಮಗ್ಗಿ ಹೇಳಿದರೆ ರಬಕವಿಯ ಹುಡುಗರು ಕಲಿಯಬಹುದಿತ್ತು. ಆ ಹುಡುಗ ಬಾಯಿ ಬಿಡುವುದನ್ನೇ ನಿಲ್ಲಿಸಿದ. ಹುಡುಗ ಗಲಾಟೆ ಮಾಡಿದರೆ ಮಾಸ್ತರನಿಗೆ ತಲೆನೋವು ನಿಜ, ಆದರೆ ಗಲಾಟೆಯ ಹುಡುಗ ಸುಮ್ಮನಾದರೆ ಎದೆಯಲ್ಲಿ ಏನೋ ಚುಚ್ಚುತ್ತದೆ. ನನಗೆ ಅವನನ್ನು ನೋಡಲು ಆಗುತ್ತಿರಲಿಲ್ಲ.

ಒಂದು ಸಂಜೆ ಸಿದ್ರಾಮಪ್ಪನವರೇ ಬಂದರು. ಟೊಪ್ಪಿಗೆ ಕೈಯಲ್ಲಿ ಹಿಡಿದಿದ್ದರು.

"ಮಾಸ್ತರ, ಗುರ್‍ಯಾನ ಹೆಸರ ಸಾಲ್ಯಾಗಿಂದ ತಗದ ಬಿಡ್ರಿ. ಹುನ್ನೂರಿಗೆ ಅವರ ಮಾಂವನ ಮನಿಗೆ ಕಳಸತೇನಿ. ಹೊಲದಾಗ ದುಡದ ತಿನ್ನಲಿ."

"ಯಾಕ್ರಿ? ಛಲೋ ಓದತಾನ."

"ಓದತಾನ, ಖರೆ. ಮನಿಗೆ ಬಂದು ಗ್ವಾಡಿ ಕಡೆ ಮುಖಾ ಮಾಡಿ ಕುಂದರತಾನ್ರಿ, ಊಟಾನೂ ಒಲ್ಲೆ ಅಂತಾನ. ನನ್ನ ತಪ್ಪಿಗೆ ಅಂವಾ ಯಾಕ ಉಪವಾಸ ಬೀಳಬೇಕು?"

"ತಪ್ಪು ಅಂತ ನಿಮಗ ಅನಸಿದ್ರ ಮಲ್ಲೇಶಪ್ಪಗ ಒಂದ ಮಾತ ಹೇಳ್ರಿ."

ಅವರು ಟೊಪ್ಪಿಗೆಯನ್ನು ತಿರುವುತ್ತ ನಿಂತರು. "ಡ್ರೆಸ್ ಹಾಕ್ಕೊಂಡ ಹೋದ್ರ ಸರಕಾರ ತಪ್ಪ ಒಪ್ಪಿಕೊಂಡಂಗ ಆಕ್ಕೈತಿ. ಡ್ರೆಸ್ ಬಿಟ್ಟ ಹೋದ್ರ ನನ್ನ ಯಾರ ಗುರುತ ಹಿಡೀತಾರ್ರಿ?" ಎಂದರು. ಗ್ಯಾದರಿಂಗ್ ಮುಗಿಯುವವರೆಗೆ ಹುಡುಗನನ್ನು ಶಾಲೆಯಲ್ಲೇ ಬಿಡಿರೆಂದು ಬೇಡಿಕೊಂಡೆ. "ಅಲ್ಲೀತನಕ ಅಷ್ಟ" ಎಂದು ಹೋದರು.

ಆ ವರ್ಷ ಹುಡುಗರಿಗೆ ನಾನು ಏನನ್ನೂ ಬರೆದುಕೊಡಲಿಲ್ಲ. "ಈ ವರ್ಷ ಊರಾಗ ನೀವು ಕಂಡದ್ದನ್ನ ಮಾಡಿ ತೋರಸ್ರಿ" ಎಂದೆ. ಎಲ್ಲರೂ ಒಂದೇ ಬಾಯಲ್ಲಿ ನೂಲಿನ ಗಲಾಟೆ ಎಂದರು. ನಾನೂ ಅದನ್ನೇ ಬಯಸಿದ್ದೆ, ಸುಳ್ಳು ಏಕೆ ಹೇಳಲಿ. ಆದರೆ ಎಲ್ಲರಿಗೂ ಕಲ್ಲು ಎಸೆಯುವವರ ಪಾತ್ರವೇ ಬೇಕು. ಹವಾಲ್ದಾರ ಆಗಲು ಒಬ್ಬನೂ ಒಲ್ಲ. ಮಲ್ಲೇಶಪ್ಪನ ಮಗ ಈರಣ್ಣ ಮೂಲೆಯಲ್ಲಿದ್ದ ಗುರುಪಾದನ ಕಡೆ ಕೈ ಮಾಡಿ, "ಅಂವಾ ಅದಾನಲ್ಲ, ಅವರಪ್ಪನ ಕೆಲಸ ಅಂವಗ ಬರತೈತಿ" ಎಂದ. ಹುಡುಗರು ನಕ್ಕರು. ಗುರುಪಾದ ಎದ್ದು ಬಾಗಿಲ ಕಡೆ ಹೊರಟ. ಆಗ ನಾನು ಯೋಚಿಸದೇ ಒಂದು ನಿಯಮ ಮಾಡಿದೆ: ಈ ನಾಟಕದಲ್ಲಿ ಯಾರೂ ತಮ್ಮ ಅಪ್ಪನ ಪಾತ್ರ ಮಾಡಕೂಡದು. ಹವಾಲ್ದಾರನ ಪಾತ್ರ ಈರಣ್ಣನಿಗೆ. ಹಾಸಿನ ಒಡೆಯ ಮಲ್ಲೇಶಪ್ಪನ ಪಾತ್ರ ಗುರುಪಾದನಿಗೆ.

ಹೊಸ ಮಾಸ್ತರರೇ, ಈ ನಿಯಮ ನೆನಪಿಡಿರಿ. ನನ್ನ ಇಡೀ ವೃತ್ತಿಯಲ್ಲಿ ನನಗೆ ಹೊಳೆದ ಒಂದೇ ಜಾಣತನದ ಮಾತು ಇದು, ಅದೂ ಹೆದರಿಕೆಯಲ್ಲಿ ಹೊಳೆದದ್ದು.

ಒಬ್ಬನ ಅಪ್ಪನಾಗಲು ಆ ಒಬ್ಬನನ್ನೇ ಕೇಳಬೇಕಲ್ಲ! ಮೊದಲ ಎರಡು ದಿನ ಇಬ್ಬರೂ ನನ್ನ ಮೂಲಕ ಮಾತಾಡಿದರು. "ಮಾಸ್ತರ, ಕುಂಚ ಹಂಗ ಹಿಡ್ಯೂದಲ್ಲ ಅಂತ ಅಂವಗ ಹೇಳ್ರಿ." "ಮಾಸ್ತರ, ಕಾಲಪಟ್ಟಿ ಕೆಳಗಿಂದ ಮ್ಯಾಲ ಸುತ್ತಬೇಕಂತ ಇಂವಗ ಹೇಳ್ರಿ." ಮೂರನೆಯ ದಿನ ನನಗೆ ನೆಗಡಿಯಾಗಿ ಧ್ವನಿ ಬಿದ್ದುಹೋಯಿತು. ಆಗ ನೇರವಾಗಿ ಬೈದಾಡತೊಡಗಿದರು. ಬೈಗಳಿನಿಂದ ಮಾತಿಗೆ ಹೆಚ್ಚು ದೂರವಿಲ್ಲ. ಮಲ್ಲೇಶಪ್ಪ ಮಾತಿಗೆ ಮೊದಲು ಗಂಟಲು ಕೆರೆದು ಸೊಂಟದ ಮೇಲೆ ಕೈ ಇಡುವುದನ್ನು ಗುರುಪಾದ ಕಲಿತ. ಹವಾಲ್ದಾರರು ಮೀಸೆ ತಿರುವುವುದನ್ನು ಈರಣ್ಣ ಕಲಿತ, ಮೀಸೆ ಇರಲಿಲ್ಲ ಅಷ್ಟೇ. ಒಂದು ದಿನ ಈರಣ್ಣ ನನ್ನ ಬಳಿ ಬಂದು ಮೆಲ್ಲಗೆ, "ಅವರಪ್ಪ ಮನ್ಯಾಗ ಬಿಸಿನೀರಾಗ ಕಾಲ ಇಟಗೊಂಡು ಯವ್ವಾ ಯವ್ವಾ ಅಂತಾರಂತ್ರಿ ಮಾಸ್ತರ" ಎಂದ. ಅವನ ಮಾತಿನಲ್ಲಿ ನಗುವಿರಲಿಲ್ಲ.

ನಾಟಕಕ್ಕೆ ಹಾಸು ಬೇಕಿತ್ತು. ಹೊಸ ನೂಲು ಎಲ್ಲಿಯದು? ಈರಣ್ಣನೇ ತನ್ನ ಮನೆಯಿಂದ ಒಂದು ಗಂಟು ತಂದ. ಗಲಾಟೆಯ ದಿನ ಹರಿದ ಹಾಸು. ಅವನ ತಾಯಿ ಎಸೆಯಲು ಮನಸ್ಸಾಗದೆ ಜಂತಿಗೆ ಕಟ್ಟಿಟ್ಟಿದ್ದಳಂತೆ. ಹುಡುಗರೆಲ್ಲ ಸುತ್ತ ಕುಳಿತು ಹರಿದ ಎಳೆಗಳನ್ನು ಬಿಡಿಸಿ, ತುದಿಗೆ ತುದಿ ಕೂಡಿಸತೊಡಗಿದರು. ಗುರುಪಾದನಿಗೆ ಗಂಟು ಹಾಕಲು ಬರುತ್ತಿರಲಿಲ್ಲ. ಈರಣ್ಣ ಕಲಿಸಿದ. ಅಪ್ಪ ಹರಿದದ್ದನ್ನು ಮಗ ಕೂಡಿಸುತ್ತ ಕುಳಿತದ್ದನ್ನು ನೋಡಿ ನನ್ನ ಕಣ್ಣು ತುಂಬಿದವು. ನೆಗಡಿ ಇದ್ದದ್ದು ಒಳ್ಳೆಯದಾಯಿತು, ಯಾರೂ ಕೇಳಲಿಲ್ಲ. ನಾಟಕದ ಕೊನೆಗೆ ಅದೇ ಹಾಸನ್ನು ಹವಾಲ್ದಾರ ಮತ್ತೆ ಹರಿಯಬೇಕು, ನೇಕಾರ ಹಾಡಿ ಅಳಬೇಕು, ನೋಡಿದವರ ಮನಸ್ಸು ಕರಗಬೇಕು ಎಂದು ನಾನು ಲೆಕ್ಕ ಹಾಕಿದ್ದೆ.

ಇನ್ನು ಪರವಾನಗಿ. ನಮ್ಮ ಹೆಡ್‌ಮಾಸ್ತರರು ಒಳ್ಳೆಯವರು, ಆದರೆ ಎಲೆ ಅಲುಗಿದರೆ ಮೇಲಿನವರ ಪತ್ರ ಬಂತೆಂದು ಎದ್ದು ನಿಲ್ಲುವವರು.

"ಬೀಳಗಿ, ಗಲಾಟಿ ನಾಟಕಾ? ತಪಾಸಣೆಗೆ ಬರೂ ದಿಪೋಟಿ ಸಾಹೇಬರ ಮುಂದ? ನನ್ನ ಪೆನ್ಶನ್ ಇನ್ನೂ ಬಂದಿಲ್ಲೋ ಮಾರಾಯಾ!"

"ಗಲಾಟಿ ಸ್ವಲ್ಪ ಐತ್ರಿ. ನೇಕಾರಿಕಿ ಭಾಳ ಐತಿ."

ಅವರು ಬಹಳ ಹೊತ್ತು ಕಿವಿ ತುರಿಸಿಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕಡೆಗೆ ಕಾರ್ಯಕ್ರಮದಲ್ಲಿ 'ನೇಕಾರಿಕೆಯ ಪ್ರಾತ್ಯಕ್ಷಿಕೆ' ಎಂದು ಬರೆದರು. ಕೈಕಸಬಿನ ಶಿಕ್ಷಣ ಎಂದರೆ ಆಗ ಸಾಹೇಬರಿಗೆಲ್ಲ ಪ್ರೀತಿ.

ಗ್ಯಾದರಿಂಗಿನ ದಿನ ಮಧ್ಯಾಹ್ನ ಇಳಿದ ಮೇಲೆ ಶಾಲೆಯ ಅಂಗಳ ತುಂಬಿತು. ರಬಕವಿಯಿಂದಲೂ ಜನ ಬಂದಿದ್ದರು. ಕಂಪೌಂಡಿನ ಗೋಡೆಯಿಂದ ಬೇವಿನ ಗಿಡದವರೆಗೆ ಹಾಸು ಬಿಗಿದಿದ್ದೆವು. ಬೇವಿನ ಗಿಡದ ಕೆಳಗೆ ಕುರ್ಚಿಗಳಲ್ಲಿ ಶಾಲೆಯ ತಪಾಸಣೆಯ ಅಧಿಕಾರಿ ದಿಪೋಟಿ ಸಾಹೇಬರು, ಪಕ್ಕದಲ್ಲಿ ಬೆವರುತ್ತ ಹೆಡ್‌ಮಾಸ್ತರರು. ಹಾಸಿನ ಆಚೆ ನೇಕಾರರ ಪಾತ್ರದವರು. ಈಚೆಯಿಂದ ಹವಾಲ್ದಾರ ಬರಬೇಕು. ಮಲ್ಲೇಶಪ್ಪ ಜನರ ನಡುವೆ ಕುಳಿತಿದ್ದ. ನಿಜವಾದ ಹವಾಲ್ದಾರ ಸಿದ್ರಾಮಪ್ಪನವರು ಬಂದೋಬಸ್ತಿಗೆಂದು ಗೇಟಿನ ಬಳಿ ಒಬ್ಬರೇ ನಿಂತಿದ್ದರು. ಅವರ ಸುತ್ತ ಜಾಗ ಖಾಲಿ ಇತ್ತು.

ಮೊದಲು ಹುಡುಗರು ಗಂಜಿ ಹಚ್ಚಿದರು, ಕುಂಚ ಎಳೆದರು. ದಿಪೋಟಿ ಸಾಹೇಬರು ತಲೆದೂಗಿದರು. ಗುರುಪಾದ ಗಂಟಲು ಕೆರೆದು ಸೊಂಟದ ಮೇಲೆ ಕೈ ಇಟ್ಟಾಗ ಮಲ್ಲೇಶಪ್ಪನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ನಾಟಕದ ಗುಂಪು ಎದ್ದಿತು. "ನೂಲ ಕೊಡ್ರಿ! ನೂಲ ಕೊಡ್ರಿ!"

ದಿಪೋಟಿ ಸಾಹೇಬರು ಬಾಗಿ ಕೇಳಿದರು, "ಇದೂ ನೇಕಾರಿಕೀನೇನ್ರಿ?"

ಹೆಡ್‌ಮಾಸ್ತರರು ಎದ್ದು ನಿಂತು, "ಹೌದ್ರಿ ಸಾಹೇಬ್ರ. ನೂಲ ಸಿಗದಿದ್ದಾಗ ಇದ ನೇಕಾರಿಕಿ ರೀ" ಎಂದರು. ಅಷ್ಟು ಧೈರ್ಯದ ಮಾತನ್ನು ಅವರ ಬಾಯಿಂದ ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ಹಟಾವ್! ಹಟಾವ್!" ಎನ್ನುತ್ತ ಈರಣ್ಣ ಕೋಲು ಬೀಸಿಕೊಂಡು ಓಡಿಬಂದ. ಯಾರೂ ನಗಲಿಲ್ಲ. ಏನು ಬರಲಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಸಿದ್ರಾಮಪ್ಪನವರು ನೆಲ ನೋಡಿದರು. ಆಗ ನನಗೆ ಮೊದಲ ಸಲ ನನ್ನ ಲೆಕ್ಕದ ಬಗ್ಗೆ ಭಯವಾಯಿತು. ಇಡೀ ಊರಿನ ಮುಂದೆ ಅವರನ್ನು ಎರಡನೆಯ ಸಲ ಹಾಸಿನಲ್ಲಿ ಬೀಳಿಸಲು ನಾನು ಹೊರಟಿದ್ದೆ. ಮಗನೂ ನೋಡುವಂತೆ.

ಈರಣ್ಣ ಹಾಸಿನವರೆಗೆ ಬಂದವನು ಗಕ್ಕನೆ ನಿಂತ.

ನಾನು ಮರೆಯಿಂದ, "ನುಗ್ಗಲೇ ಈರ್‍ಯಾ!" ಎಂದೆ. ಅಭ್ಯಾಸದ ದೋಷ. ಹೆದರಿಕೆಯಲ್ಲೂ ಬಾಯಿ ತನ್ನ ಕೆಲಸ ಮಾಡುತ್ತದೆ.

"ಒಲ್ಲೆರಿ ಮಾಸ್ತರ. ಹಾಸೈತಿ."

"ನಾಟಕಲೇ!"

"ನಾಟಕದಾಗ ಇದ್ರೂ ಹಾಸು ಹಾಸ ಅಲ್ಲೇನ್ರಿ?"

ತಾಲೀಮಿನಲ್ಲಿ ನಾವು ಹಗ್ಗ ಕಟ್ಟಿದ್ದೆವು. ಹಗ್ಗವನ್ನು ಅವನು ಹತ್ತು ಸಲ ಹಾರಿದ್ದ. ಈ ದಿನ ಬಿಗಿದದ್ದು ನೂಲು. ನೇಕಾರರ ಹುಡುಗನ ಕಾಲು ಅದನ್ನು ದಾಟಲಿಲ್ಲ. ಇದನ್ನು ಬೀಳಗಿಯ ಒಕ್ಕಲಿಗನ ಮಗನಾದ ನಾನು ಮೊದಲೇ ಊಹಿಸಬೇಕಿತ್ತು, ಊಹಿಸಿರಲಿಲ್ಲ. ನಾಟಕ ನಿಂತುಹೋಯಿತು.

ಆಗ ಹಾಸಿನ ಆಚೆಯಿಂದ ಗುರುಪಾದ ಗಂಟಲು ಕೆರೆದ. ಅವನ ಹಳೆಯ ದೊಡ್ಡ ಧ್ವನಿ ಅಂಗಳದ ತುಂಬ ಕೇಳಿಸಿತು.

"ಯಾಕ್ರಿ ಹವಾಲ್ದಾರ, ನಿಂತೀರಿ? ನಮ್ಮನ್ನ ಹೊಡ್ಯಾಕ ಬಂದೀರಲ್ಲ?"

"ಹೂಂ" ಎಂದ ಈರಣ್ಣ.

"ಹಂಗಾರ ಬೇವಿನ ಗಿಡಾ ಸುತ್ತ ಹಾಕಿ ಬರ್‍ರಿ. ಹಾದಿ ಆ ಕಡೆ ಐತಿ. ನಾವೇನ ಓಡಿ ಹೋಗೂದಿಲ್ಲ, ಇಲ್ಲೇ ನಿಂತಿರತೇವಿ."

ಅಂಗಳಕ್ಕೆ ಅಂಗಳವೇ ನಕ್ಕಿತು. ಈರಣ್ಣ ಟೊಪ್ಪಿಗೆ ಸರಿ ಮಾಡಿಕೊಂಡು, ಕೋಲು ಬಗಲಲ್ಲಿ ಇಟ್ಟುಕೊಂಡು, ಗಂಭೀರವಾಗಿ ಸುತ್ತು ಹಾಕಲು ಹೊರಟ. ದಿಪೋಟಿ ಸಾಹೇಬರ ಕುರ್ಚಿ ಬಂದಾಗ ನಿಂತು ಸಲಾಮು ಹೊಡೆದ. ಸಾಹೇಬರೂ ಮರೆತು ಸಲಾಮು ಹೊಡೆದರು. ಆಚೆ ಗುಂಪಿನ ಹುಡುಗರು ಪೆಟ್ಟು ತಿನ್ನಲು ಕಾಯುತ್ತಿದ್ದರು. ಒಬ್ಬ ಆಕಳಿಸಿದ. ಒಬ್ಬ ಕುಳಿತು ರೊಟ್ಟಿಯ ಗಂಟು ಬಿಚ್ಚಿದ. ಇನ್ನೊಬ್ಬ, "ಲಗೂ ಬರ್‍ರಿ, ಹೊತ್ತ ಮುಳಗಾಕತ್ತೈತಿ" ಎಂದ. ಕಡೆಗೆ ಈರಣ್ಣ ಏದುಸಿರು ಬಿಡುತ್ತ ಬಂದು ಕೋಲು ಎತ್ತಿದ.

"ದಣದೀರಿ. ಮೊದಲ ನೀರ ಕುಡೀರಿ, ಆಮ್ಯಾಲೆ ಹೊಡೀರಿ" ಎಂದು ಗುರುಪಾದ ತಂಬಿಗೆ ಕೊಟ್ಟ.

ಈರಣ್ಣ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಕೋಲು ಕೆಳಗಿಟ್ಟ. "ನೀರ ಕೊಟ್ಟವರನ್ನ ಹೆಂಗ ಹೊಡೀಲಿ?" ಎಂದ.

ಮುಂದೇನೆಂದು ಯಾರಿಗೂ ಗೊತ್ತಿರಲಿಲ್ಲ, ಆದ್ದರಿಂದ ನಾಟಕ ಅಲ್ಲಿಗೆ ಮುಗಿಯಿತು. ನಾನು ಬರೆದಿಟ್ಟ ಅಳುವ ಹಾಡು ಕಿಸೆಯಲ್ಲೇ ಉಳಿಯಿತು. ಅದು ಅಷ್ಟೇನೂ ಚೆನ್ನಾಗಿಯೂ ಇರಲಿಲ್ಲ ಬಿಡಿ. ನಾನು ಗೇಟಿನ ಕಡೆ ನೋಡಿದೆ. ಸಿದ್ರಾಮಪ್ಪನವರು ಮಗನನ್ನು ನೋಡುತ್ತ ನಗುತ್ತಿದ್ದರು, ಕೆನ್ನೆ ಒದ್ದೆಯಾಗಿತ್ತು. ಮಲ್ಲೇಶಪ್ಪನೂ ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು, ಗೇಟಿನ ಕಡೆ ತಿರುಗಿ ನೋಡಿದ. ಗಲಾಟೆಯ ದಿನದಿಂದ ಆ ಮುಖವನ್ನು ಅವನು ನೋಡಿರಲಿಲ್ಲ. ದಿಪೋಟಿ ಸಾಹೇಬರು ಹೋಗುವಾಗ, ಪ್ರಾತ್ಯಕ್ಷಿಕೆ ಬೋಧಪ್ರದವಾಗಿತ್ತು ಎಂದರು. ಹೆಡ್‌ಮಾಸ್ತರರ ಪೆನ್ಶನ್ನು ಉಳಿಯಿತು.

ಮರುದಿನ ಬೆಳಿಗ್ಗೆ ಕುಂಚದ ಸದ್ದಿಗೆ ಎಚ್ಚರವಾಯಿತು. ಮಲ್ಲೇಶಪ್ಪ ನಾಟಕದ ಹಾಸನ್ನು ಓಣಿಯಲ್ಲಿ ಬಿಗಿದಿದ್ದ. "ಗಂಟ ಭಾಳ ಅದಾವು, ಸೀರಿ ಆಗೂದಿಲ್ಲ. ಹೊದಿಯಾಕ ಏನರ ನೇಯತೇನಿ. ಹುಡುಗೂರು ಕೂಡಿಸ್ಯಾವು, ಬಿಡಾಕ ಮನಸ ಬರವಲ್ದು" ಎಂದ.

ಅಷ್ಟರಲ್ಲಿ ಓಣಿಯ ಬಾಯಲ್ಲಿ ಬೂಟಿನ ಸದ್ದು. ಸಿದ್ರಾಮಪ್ಪನವರು, ಪೂರ್ತಿ ಡ್ರೆಸ್ಸಿನಲ್ಲಿ. ಹಾಸಿನವರೆಗೆ ಬಂದು ನಿಂತರು. ಆಚೆ ಮಲ್ಲೇಶಪ್ಪ, ನಡುವೆ ಎಳೆಗಳು. ಕುಂಚಗಳು ನಿಂತವು. ಕಟ್ಟೆಯ ಮೇಲಿನವರು ಎದ್ದರು. ಹವಾಲ್ದಾರರು ಟೊಪ್ಪಿಗೆ ಸರಿ ಮಾಡಿಕೊಂಡರು, ಕೋಲು ಬಗಲಲ್ಲಿ ಇಟ್ಟುಕೊಂಡರು, ಮತ್ತು ಓಣಿಯ ಕೊನೆಯವರೆಗೆ ನಡೆದು, ಹಾಸಿನ ತುದಿಯನ್ನು ಸುತ್ತಿ, ಅಷ್ಟೇ ದೂರ ತಿರುಗಿ ನಡೆದು ಬಂದು ಮಲ್ಲೇಶಪ್ಪನ ಎದುರು ನಿಂತರು. ಯಾರೂ ನಗಲಿಲ್ಲ.

ಮಲ್ಲೇಶಪ್ಪ ತಲೆ ಎತ್ತದೆ ಕೇಳಿದ, "ದೂರ ಆತೇನ್ರಿ?"

"ಇಲ್ಲಪಾ. ಆವತ್ತೂ ಹಿಂಗ ಬರಬೇಕಾಗಿತ್ತು ನಾ."

ಮಲ್ಲೇಶಪ್ಪ ಗಂಟಲು ಕೆರೆದ. ಸೊಂಟದ ಮೇಲೆ ಕೈ ಇಟ್ಟ. ಆಮೇಲೆ ಒಳಗೆ ತಿರುಗಿ ಹೆಂಡತಿಗೆ, "ಏ, ಹವಾಲ್ದಾರ ದಣದಾರ. ಮೊದಲ ನೀರ ಕೊಡು. ಬೆಲ್ಲದ ಚಾನೂ ಇಡು" ಎಂದ.

ಗುರುಪಾದ ಹುನ್ನೂರಿಗೆ ಹೋಗಲಿಲ್ಲ. ಗ್ಯಾದರಿಂಗಿನ ರಜೆ ಮುಗಿದು ಶಾಲೆ ತೆರೆದ ದಿನ ನಾನು ಹಲಗೆಯ ಮೇಲೆ ಲೆಕ್ಕ ಬರೆಯುತ್ತಿದ್ದಾಗ ಹಿಂದಿನಿಂದ ಗುಸುಗುಸು, ನಗು, ಮತ್ತೆ ಗುಸುಗುಸು. ತಿರುಗಿ ನೋಡಿದರೆ ಗುರುಪಾದ ಮತ್ತು ಈರಣ್ಣ, ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದಾರೆ. ಇಬ್ಬರನ್ನೂ ಎಬ್ಬಿಸಿ, ಗಂಟೆ ಹೊಡೆಯುವವರೆಗೆ ಬಾಗಿಲಲ್ಲಿ ನಿಲ್ಲಿಸಿದೆ. ಅಷ್ಟು ಸಂತೋಷದಿಂದ ನಾನು ಯಾರಿಗೂ ಶಿಕ್ಷೆ ಕೊಟ್ಟಿಲ್ಲ.